ಸಣ್ಣ ಅಂಗಳಕ್ಕೆ ಯಾವ ಹೂಗಿಡ? ನೀರು, ಮಣ್ಣು, ಬಿಸಿಲು ನೋಡಿ ಆರಿಸುವ ಬಗೆ

ಬಾಗಲಕೋಟೆಯ ನವನಗರದಲ್ಲಿ ಹೊಸದಾಗಿ ಮನೆ ಮಾಡಿರುವ ನನ್ನ ತಂಗಿಯ ಮಗಳು ಮೊನ್ನೆ ಫೋನ್ ಮಾಡಿದ್ದಳು. "ದೊಡ್ಡವ್ವಾ, ಬಾಗಲಾ ಮುಂದ ನಾಕ ಫೂಟ ಅಗಲ, ಹತ್ತ ಫೂಟ ಉದ್ದ ಜಾಗಾ ಐತಿ. ನರ್ಸರ್ಯಾಗ ನೋಡಿದ್ರ ಎಲ್ಲಾ ಚಂದ ಕಾಣ್ತಾವ. ದಾಸಾಳ ತರ್ಲೋ, ಗುಲಾಬಿ ತರ್ಲೋ, ಗೊಂಚಲ ಗೊಂಚಲ ಕೆಂಪ ಹೂವಿಂದ ಒಂದ ಐತಲ್ಲ, ಅದನ್ನ ತರ್ಲೋ? ಒಂದ ಹೆಸರ ಹೇಳು."

ಹೆಸರು ಹೇಳಲಿಲ್ಲ. "ಮೊದಲ ನಿಮ್ಮ ನಳಾ ಎಷ್ಟ ದಿನಕ್ಕೊಮ್ಮೆ ಬರ್ತೈತಿ ಹೇಳು" ಅಂದೆ. ಹೂವಿನ ಮಾತಿಗೆ ನೀರಿನ ಮಾತು ಯಾಕೆ ಬಂತೆಂದು ಅವಳಿಗೆ ಅಚ್ಚರಿ. ವಿಜಯಪುರ, ಬಾಗಲಕೋಟೆ ಕಡೆ ಗಿಡ ಆರಿಸುವುದು ಅಲ್ಲಿಂದಲೇ ಶುರುವಾಗಬೇಕು. ನಾನು ಅದನ್ನು ಕಲಿತದ್ದು ಮೂರು ಗಿಡ ಕಳೆದುಕೊಂಡ ಮೇಲೆ.

ಅವಳು ಹೇಳಿದ ಆ ಗೊಂಚಲು ಹೂವೇ ಆ ಮೂರು ಗಿಡ. ಇಕ್ಸೋರಾ. ಕರಾವಳಿಯವರ ಕೇಪಳ ಇದರದೇ ಬಳಗ. ಬೆಳಗಾವಿಯ ಟಿಳಕವಾಡಿಯಲ್ಲಿ ನಮ್ಮ ವೈನಿಯ ಮನೆ ಮುಂದೆ ಮೊಣಕಾಲೆತ್ತರದ ಬೇಲಿಯಂತೆ ಬೆಳೆದು, ಎಲೆ ಕಾಣದಷ್ಟು ಕೆಂಪಾಗಿ ನಿಂತಿತ್ತು. ಬರುವಾಗ ಅದೇ ಊರಿನಿಂದ ಮೂರು ಸಸಿ ತಂದು ವಿಜಯಪುರದ ನಮ್ಮ ಅಂಗಳದಲ್ಲಿ ಹಚ್ಚಿದೆ. ಮಳೆಗಾಲ ಚೆನ್ನಾಗಿಯೇ ಕಳೆಯಿತು. ದೀಪಾವಳಿ ಹೊತ್ತಿಗೆ ಚಿಗುರೆಲೆ ಹಳದಿಯಾಗತೊಡಗಿದವು, ನರ ಮಾತ್ರ ಹಸಿರು. ಗೊಬ್ಬರ ಹಾಕಿದೆ, ನೀರು ಹೆಚ್ಚಿಸಿದೆ. ಹಾಕಿದಷ್ಟೂ ಹಳದಿ. ಯುಗಾದಿ ಬರುವಷ್ಟರಲ್ಲಿ ಎಲೆ ಬಿಳಿಚಿಕೊಂಡು, ಅಂಚು ಸುಟ್ಟು, ಒಂದೊಂದಾಗಿ ಒಣಗಿದವು. ಗಿಡದ ತಪ್ಪಿಲ್ಲ, ಆರೈಕೆಯೂ ಕಡಿಮೆಯಾಗಿರಲಿಲ್ಲ. ಬೆಳಗಾವಿಯ ಕೆಂಪು ಜಂಬಿಟ್ಟಿಗೆ ಮಣ್ಣಿನ ಗಿಡವನ್ನು ನಾನು ಸುಣ್ಣ ತುಂಬಿದ ಎರೆಮಣ್ಣಿಗೆ ತಂದಿದ್ದೆ, ಮೇಲಿಂದ ಬೋರಿನ ಸವಳು ನೀರು ಉಣಿಸಿದ್ದೆ.

ನಮ್ಮ ಮೂರೂ ಜಿಲ್ಲೆ ನಕಾಶೆಯಲ್ಲಿ ಅಕ್ಕಪಕ್ಕ ಇವೆ. ಗಿಡದ ಕಣ್ಣಿಗೆ ಅವು ಬೇರೆ ಬೇರೆ ದೇಶ. ಬೆಳಗಾವಿ ಪಟ್ಟಣದಲ್ಲಿ ವರ್ಷಕ್ಕೆ 1200 ಮಿ.ಮೀ. ದಾಟಿ ಮಳೆ, ಖಾನಾಪುರದ ಕಡೆ ಸರಿದರೆ ಇನ್ನೂ ಹೆಚ್ಚು. ವಿಜಯಪುರ, ಬಾಗಲಕೋಟೆಗಳಲ್ಲಿ 600 ಮಿ.ಮೀ. ಆಸುಪಾಸು, ಅದರಲ್ಲೂ ಜೋರು ಮಳೆ ಸೆಪ್ಟೆಂಬರಿನಲ್ಲಿ. ಎಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ 40 ಡಿಗ್ರಿ ದಾಟುವುದು ಮಾಮೂಲು. ಹೀಗಿರುವಾಗ ಬೆಳಗಾವಿಯವರಿಗೆ ಹೇಳಿದ ಗಿಡವನ್ನೇ ವಿಜಯಪುರ ಜಿಲ್ಲೆಯ ಇಂಡಿ ಊರಿನವರಿಗೆ, ಬಾಗಲಕೋಟೆ ಜಿಲ್ಲೆಯ ಮುಧೋಳದವರಿಗೆ ಹೇಳಿದರೆ ಅವರ ರೊಕ್ಕ, ವರ್ಷ ಎರಡೂ ಹಾಳು.

ನರ್ಸರಿಗೆ ಹೋಗುವ ಮೊದಲು

ನೀರಿನಿಂದ ಹಿಡಿಯೋಣ. ಎಪ್ರಿಲಿನಲ್ಲಿ 12 ಇಂಚಿನ ಮಣ್ಣಿನ ಕುಂಡದಲ್ಲಿರುವ ಒಂದು ದಾಸವಾಳ ನಮ್ಮ ಮಾಳಿಗೆಯ ಮೇಲೆ ದಿನಕ್ಕೆ ಸುಮಾರು 2 ಲೀಟರ್ ನೀರು ಕುಡಿಯುತ್ತದೆ. ಅಂಥ ಎಂಟು ಕುಂಡ ಇಟ್ಟರೆ ದಿನಕ್ಕೆ 16 ಲೀಟರ್. ನಳ ನಾಲ್ಕು ದಿನಕ್ಕೊಮ್ಮೆ ಬಂದರೆ ಗಿಡಗಳಿಗೆಂದೇ 64 ಲೀಟರ್ ತುಂಬಿಟ್ಟುಕೊಳ್ಳಬೇಕು. ಅಷ್ಟು ಸಾಧ್ಯವೇ? ಸಾಧ್ಯವಿಲ್ಲದಿದ್ದರೆ ಎಂಟರ ಬದಲು ಎರಡು ದಾಸವಾಳ, ಉಳಿದದ್ದು ಬಾಯಾರಿಕೆ ತಡೆಯುವ ಗಿಡ. ಈ ಲೆಕ್ಕ ಮೊದಲೇ ಮಾಡಿದವರು ಮೇ ತಿಂಗಳಲ್ಲಿ ಒಣಗಿದ ಕಡ್ಡಿ ನೋಡಿ ಮರುಗುವುದಿಲ್ಲ.

ನೀರಿನ ಗುಣವೂ ಅಷ್ಟೇ ಮುಖ್ಯ. ಬಕೆಟ್ಟಿನ ಅಂಚಿಗೆ, ಕುಂಡದ ಹೊರಮೈಗೆ ಬಿಳಿ ಪದರು ಕಟ್ಟುತ್ತಿದ್ದರೆ ನಿಮ್ಮ ಬೋರಿನ ನೀರು ಗಡಸು. ಅಂಥ ನೀರು ಉಣಿಸಿದಷ್ಟೂ ಕುಂಡದ ಮಣ್ಣು ಸುಣ್ಣದ ಕಡೆ ವಾಲುತ್ತದೆ. ನದಿಯ ನೀರು ನಳದಲ್ಲಿ ಬರುವ ಮನೆಗೂ ಬೋರನ್ನೇ ನಂಬಿದ ಮನೆಗೂ ಒಂದೇ ಓಣಿಯಲ್ಲಿ ಬೇರೆ ಬೇರೆ ಗಿಡ ಹೊಂದುವುದು ಇದೇ ಕಾರಣಕ್ಕೆ. ಕುಡಿಯುವ ನೀರಿನ ಯಂತ್ರ ಹೊರಹಾಕುವ ನೀರನ್ನು ಗಿಡಕ್ಕೆ ಹಾಕುವವರಿದ್ದಾರೆ. ಅದರಲ್ಲಿ ಉಪ್ಪು ಇನ್ನೂ ಗಟ್ಟಿಯಾಗಿರುತ್ತದೆ, ನೆಲ ತೊಳೆಯಲು ಬಳಸಿ. ಏಸಿಯಿಂದ ತೊಟ್ಟಿಕ್ಕುವ ನೀರು ಮಾತ್ರ ಚೊಕ್ಕ, ಅದನ್ನು ಹಿಡಿದಿಡಿ. ಮಳೆನೀರಿಗಂತೂ ಸಾಟಿಯಿಲ್ಲ. ಹತ್ತು ಫೂಟು ಉದ್ದ, ಹತ್ತು ಫೂಟು ಅಗಲದ ಮಾಳಿಗೆಯ ಮೇಲೆ 10 ಮಿ.ಮೀ. ಮಳೆ ಬಿದ್ದರೆ ಸುಮಾರು 90 ಲೀಟರ್ ನೀರು. ಒಂದು ಡ್ರಮ್ ಇಟ್ಟರೆ ಮೂರು ನಾಲ್ಕು ಸೂಕ್ಷ್ಮ ಗಿಡಗಳಿಗೆ ವಾರಗಟ್ಟಲೆ ಸಾಕು.

ಇನ್ನು ಮಣ್ಣು. ಅಂಗಳದ ಒಂದು ಮುಷ್ಟಿ ಒಣಮಣ್ಣಿನ ಮೇಲೆ ಲಿಂಬೆರಸ ಹಿಂಡಿ, ಇಲ್ಲವೇ ಒಂದು ಚಮಚ ವಿನೆಗರ್ ಹಾಕಿ. ಬುರುಬುರು ನೊರೆ ಬಂದರೆ ಸುಣ್ಣ ಹೆಚ್ಚಿದೆ. ಎರೆಮಣ್ಣಿನಲ್ಲಿ ಬಿಳಿ ಸುಣ್ಣದ ಹರಳು ಕಣ್ಣಿಗೇ ಕಾಣುತ್ತವೆ. ಇಂಥ ಮಣ್ಣಿನ ರಸಸಾರ (ಪಿಎಚ್) ಸಾಮಾನ್ಯವಾಗಿ 8ರ ಸುತ್ತ ಇರುತ್ತದೆ. ಕಬ್ಬಿಣ ಅದರಲ್ಲಿ ಇಲ್ಲವೆಂದಲ್ಲ, ಇದ್ದರೂ ಬೇರಿಗೆ ಎಟುಕದ ರೂಪದಲ್ಲಿ ಕೂತಿರುತ್ತದೆ. ನನ್ನ ಇಕ್ಸೋರಾ ಹಳದಿಯಾದದ್ದು ಈ ಹಸಿವಿನಿಂದ. ಹೊಸ ಮನೆಯವರಿಗೆ ಇನ್ನೊಂದು ಮಾತು: ಕಂಪೌಂಡ್ ಗೋಡೆಯ ಬುಡದಲ್ಲಿ ಒಂದು ಫೂಟು ಅಗೆದು ನೋಡಿ. ಸಿಮೆಂಟಿನ ಹೆಂಟೆ, ಗಿಲಾವಿನ ಚೂರು ಹೂತಿರುವುದೇ ಹೆಚ್ಚು. ಒಳ್ಳೆಯ ಕೆಂಪು ಮಣ್ಣಿನ ಊರಲ್ಲೂ ಆ ಪಟ್ಟಿ ಸುಣ್ಣದ ಗೂಡಾಗಿರುತ್ತದೆ. ಸಂಶಯವಿದ್ದರೆ ಹತ್ತಿರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ಮಣ್ಣು, ನೀರು ಎರಡನ್ನೂ ಪರೀಕ್ಷೆ ಮಾಡಿಸುವುದು ಒಳ್ಳೆಯದು.

ಬಿಸಿಲನ್ನು ಒಂದು ರಜೆಯ ದಿನ ಕೂತು ಎಣಿಸಿ. ಬೆಳಗಿನ ಬಿಸಿಲು ನಾಲ್ಕು ತಾಸು ಬೀಳುವ ಜಾಗ ಬೇರೆ, ಮಧ್ಯಾಹ್ನ 12ರಿಂದ 4ರ ತನಕ ಪಡುವಣ ಗೋಡೆ ಕಾದು ಝಳ ಹೊಡೆಯುವ ಜಾಗ ಬೇರೆ. ತಾಸಿನ ಲೆಕ್ಕದಲ್ಲಿ ಎರಡೂ ಒಂದೇ, ಗಿಡಕ್ಕೆ ಒಂದೇ ಅಲ್ಲ.

ಆಮೇಲೆ ಹೂ ಯಾತಕ್ಕೆ ಬೇಕು ಎನ್ನುವುದು. ದೇವರಿಗೆ ದಿನಾ ನಾಲ್ಕು ಹೂ ಬೇಕೋ, ಮುಡಿಯಲು ಮಾಲೆ ಕಟ್ಟಬೇಕೋ, ಸಂಜೆ ಕಟ್ಟೆಯ ಮೇಲೆ ಕೂತಾಗ ವಾಸನೆ ಬರಬೇಕೋ, ಬೀದಿಯಿಂದ ನೋಡಿದರೆ ಚಂದ ಕಾಣಬೇಕೋ? ಒಂದೇ ಗಿಡ ಎಲ್ಲವನ್ನೂ ಕೊಡುವುದಿಲ್ಲ. ಮನೆಯಲ್ಲಿ ತೆವಳುವ ಕೂಸು, ಕಟ್ಟಿದ ಆಡು, ಆಕಳು ಇವೆಯೇ ಎಂದೂ ಕೇಳಿಕೊಳ್ಳಿ. ಇದನ್ನು ನರ್ಸರಿಯಲ್ಲಿ ಯಾರೂ ಕೇಳುವುದಿಲ್ಲ.

ಖರ್ಚಿನ ಬಗ್ಗೆ ಒಂದೇ ಮಾತು: ಸಸಿಯ ಬೆಲೆ ನೋಡಿ ಹೆದರಬೇಡಿ, ಅದಕ್ಕೆ ಮಾರುಹೋಗಲೂ ಬೇಡಿ. ಎಲ್ಲಕ್ಕಿಂತ ಅಗ್ಗದ್ದು ಸಸಿಯೇ. ಕುಂಡ, ಮಸಾರಿ (ಕೆಂಪು) ಮಣ್ಣು, ಗೊಬ್ಬರ, ಅದನ್ನು ಮಾಳಿಗೆಗೆ ಏರಿಸುವ ಕೂಲಿ ಸೇರಿದರೆ ಸಸಿಯ ಎರಡು ಮೂರು ಪಟ್ಟಾಗುತ್ತದೆ.

ದಾಸವಾಳ: ಬಹಳ ಕೊಡುತ್ತದೆ, ಬಹಳ ಕೇಳುತ್ತದೆ

ಹೆಚ್ಚಿನವರ ಮೊದಲ ಆಸೆ ಇದೇ. ನನ್ನದೂ. ದಿನಾ ಪೂಜೆಗೆ ಹೂ ಬೇಕೆನ್ನುವ ಮನೆಗೆ ದಾಸವಾಳಕ್ಕೆ ಬದಲಿ ಸಿಗುವುದು ಕಷ್ಟ. ಬೆಳಿಗ್ಗೆ ಅರಳಿ ಸಂಜೆಗೆ ಮುದುಡುವ ಹೂ, ಮರುದಿನ ಮತ್ತೆ ಹೊಸದು. ಸೂರಕ್ಕಿಗಳು ತೂಗಾಡುತ್ತ ಮಕರಂದ ಹೀರುವುದನ್ನು ಅಡಿಗೆಮನೆಯ ಕಿಟಕಿಯಿಂದ ನೋಡುವ ಸುಖ ಬೇರೆ.

ಇಲ್ಲಿ ಒಳಗೊಂದು ಆಯ್ಕೆ ಇದೆ. ಒಂದು ನಮ್ಮ ಹಳೆಯ ಕೆಂಪು ದಾಸವಾಳ, ಐದು ಎಸಳಿನದು. ನೆರೆಮನೆಯಿಂದ ಒಂದು ಟೊಂಗೆ ತಂದು ಮಳೆಗಾಲದಲ್ಲಿ ನೆಟ್ಟರೆ ಬೇರು ಬಿಡುತ್ತದೆ, ದುಡ್ಡು ಬೇಡ. ಬಿಸಿಲು, ಸುಣ್ಣ ಎರಡನ್ನೂ ತಕ್ಕಮಟ್ಟಿಗೆ ತಡೆಯುತ್ತದೆ. ಆದರೆ ಬಿಟ್ಟರೆ ಏಳೆಂಟು ಫೂಟು ಏರುತ್ತದೆ, ಆದ್ದರಿಂದ ವರ್ಷಕ್ಕೆರಡು ಸಲ ಕತ್ತರಿ ಹಿಡಿಯಲೇಬೇಕು. ಕತ್ತರಿಸಿದರೆ ನಷ್ಟವಿಲ್ಲ, ಹೊಸ ಚಿಗುರಿನ ತುದಿಯಲ್ಲೇ ಇದು ಹೂ ಬಿಡುವುದರಿಂದ ಸವರಿದಷ್ಟೂ ಮೊಗ್ಗು. ಇನ್ನೊಂದು, ತಟ್ಟೆಯಗಲದ ಹೂವಿನ, ಎರಡು ಮೂರು ಬಣ್ಣ ಕಲಸಿದ ಹೈಬ್ರಿಡ್. ಗಿಡ ತಾನಾಗಿಯೇ ಗಿಡ್ಡ, ಕುಂಡದಲ್ಲಿ ಮೂರು ಫೂಟಿಗೆ ನಿಲ್ಲುತ್ತದೆ, ಸಣ್ಣ ಜಾಗಕ್ಕೆ ಹೇಳಿ ಮಾಡಿಸಿದಂತೆ. ಬೆಲೆ ಊರ ಗಿಡದ ನಾಲ್ಕೈದು ಪಟ್ಟು. ಹೂ ಕಡಿಮೆ, ಬೇರು ಮೆತ್ತಗೆ, ವಿಜಯಪುರದ ಮೇ ತಿಂಗಳಲ್ಲಿ ನೆರಳುಪರದೆ ಕಟ್ಟದಿದ್ದರೆ ಮೊಗ್ಗು ಅರಳುವ ಮೊದಲೇ ಉದುರುತ್ತವೆ. ಬೆಳಗಾವಿಯಲ್ಲಿ ಇವೇ ಗಿಡಗಳು ಎಷ್ಟು ನಿರಾಳವಾಗಿ ಇರುತ್ತವೆಂದರೆ ನೋಡಿದರೆ ಹೊಟ್ಟೆಕಿಚ್ಚಾಗುತ್ತದೆ.

ಎರಡಕ್ಕೂ ಒಂದೇ ಶತ್ರು, ಹಿಟ್ಟು ತಿಗಣೆ. ಚಿಗುರಿನ ಸಂದಿಯಲ್ಲಿ ಬಿಳಿ ಹತ್ತಿಯಂತೆ ಕಂಡ ದಿನವೇ ಆ ತುದಿಯನ್ನು ಕತ್ತರಿಸಿ ಹೊರಗೆ ಹಾಕಿ. ಉಳಿದುದಕ್ಕೆ ಪಿಚಕಾರಿಯಂತೆ ಜೋರಾಗಿ ನೀರು ಹೊಡೆದು, ಸಂಜೆ ಒಂದು ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆ, ಚೂರು ಸಾಬೂನಿನ ನೀರು ಬೆರೆಸಿ ಸಿಂಪಡಿಸಿ. ವಾರಕ್ಕೊಮ್ಮೆ ಎಲೆ ತಿರುವಿ ನೋಡಲು ಪುರಸೊತ್ತಿಲ್ಲದವರು, ಬೇಸಿಗೆ ರಜೆಗೆ ಹದಿನೈದು ದಿನ ಊರಿಗೆ ಹೋಗುವವರು ದಾಸವಾಳವನ್ನು ಒಂದಕ್ಕೇ ನಿಲ್ಲಿಸುವುದು ಒಳ್ಳೆಯದು.

ಕಾಗದದ ಹೂ, ಕಣಗಿಲು: ಬಾಯಾರಿಕೆ ತಡೆಯುವವು

ನೀರು ಕಡಿಮೆ, ಬಿಸಿಲು ರಣ, ಆರೈಕೆಗೆ ಸಮಯವಿಲ್ಲ. ಈ ಮೂರೂ ಕೂಡಿದರೆ ಆಯ್ಕೆ ಈ ಎರಡರ ನಡುವೆ.

ಕಾಗದದ ಹೂವನ್ನು, ಅಂದರೆ ಬೋಗನ್‌ವಿಲ್ಲಾವನ್ನು, ಬಳ್ಳಿ ಎಂದುಕೊಂಡು ಸಣ್ಣ ಅಂಗಳದವರು ದೂರ ಇಡುತ್ತಾರೆ. ಕುಂಡದಲ್ಲಿ ಹಾಕಿ ಹೂ ಮುಗಿದ ಕೂಡಲೇ ಸವರುತ್ತ ಹೋದರೆ ಅದು ಮೂರು ಫೂಟಿನ ಪೊದೆಯಾಗಿಯೇ ಇರುತ್ತದೆ. ಬೇರು ಇಕ್ಕಟ್ಟಾದಷ್ಟೂ ಇದಕ್ಕೆ ಹಿಗ್ಗು. ಬಣ್ಣದ್ದು ನಿಜವಾಗಿ ಹೂವಲ್ಲ, ಬಣ್ಣ ಬಂದ ಎಲೆ. ಒಳಗಿನ ಸಣ್ಣ ಬಿಳಿ ಕೊಳವೆಯೇ ಹೂ. ಅದಕ್ಕೇ ವಾರಗಟ್ಟಲೆ ಬಾಡದೆ ನಿಲ್ಲುತ್ತದೆ. "ನೀರ ಹಾಕೇ ಹಾಕತೇನ್ರಿ ಅಕ್ಕಾರ, ಬರೇ ಎಲಿ ಬರ್ತಾವ" ಎಂದು ನಮ್ಮ ಓಣಿಯ ಒಬ್ಬರು ಕೇಳಿದ್ದರು. ತೊಂದರೆ ಇದ್ದದ್ದು ಆ ನೀರಿನಲ್ಲೇ. ಎಲೆ ಸ್ವಲ್ಪ ಜೋತುಬೀಳುವ ತನಕ ಕಾದು ಆಮೇಲೆ ನೀರು ಹಾಕಿ ಅಂದೆ, ಆ ಚಳಿಗಾಲಕ್ಕೆ ಗಿಡ ಬಣ್ಣದಿಂದ ತುಂಬಿತು. ವಿಜಯಪುರದ ಒಣಹವೆಯಲ್ಲಿ ಇದು ರಾಜ. ಬೆಳಗಾವಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಮೋಡ ಮುಸುಕಿದಾಗ ಬರೀ ಎಲೆಯಾಗಿ ಕೂರುತ್ತದೆ, ಅಲ್ಲಿಯವರು ಬಣ್ಣಕ್ಕೆ ದೀಪಾವಳಿಯ ತನಕ ಕಾಯಬೇಕು. ಮುಳ್ಳಿದೆ, ಮಕ್ಕಳು ಓಡಾಡುವ ನಾಲ್ಕು ಫೂಟಿನ ದಾರಿಯ ಬದಿಗೆ ಬೇಡ. ಮುಡಿಯಲು ಆಗದು. ದಿನಕ್ಕೆ ಆರು ತಾಸು ಬಿಸಿಲು ಇಲ್ಲದ ಮನೆಯವರು ಇದನ್ನು ತರಲೇಬಾರದು.

ಕಣಗಿಲು ಇದಕ್ಕಿಂತ ಗಟ್ಟಿ. ಸುಣ್ಣ, ಸವಳು, ಬರ ಯಾವುದಕ್ಕೂ ಜಗ್ಗದು. ಹೆದ್ದಾರಿಗಳ ನಟ್ಟನಡುವೆ ಲಾರಿಗಳ ಹೊಗೆ ಕುಡಿದು ಗುಲಾಬಿ ಬಣ್ಣದಲ್ಲಿ ನಗುವ ಗಿಡ ಇದೇ. ಗಿಡ್ಡ ತಳಿ ಮೂರು ನಾಲ್ಕು ಫೂಟಿಗೆ ನಿಲ್ಲುತ್ತದೆ, ಬೇರೂರಿದ ಮೇಲೆ ವಾರಕ್ಕೊಂದು ಬಕೆಟ್ ಸಾಕು. ಶಿವನ ಪೂಜೆಗೆ ಸಲ್ಲುತ್ತದೆ, ನಸುವಾಸನೆಯೂ ಇದೆ. ಗುಣಗಳನ್ನಷ್ಟೇ ನೋಡಿದರೆ ನಮ್ಮ ಜಿಲ್ಲೆಗೆ ಮೊದಲ ಅಂಕ ಇದಕ್ಕೇ ಹೋಗಬೇಕು.

ಆದರೆ ಕಣಗಿಲಿನ ಎಲೆ, ಹೂ, ತೊಗಟೆ, ಬೇರು, ಹಾಲು ಎಲ್ಲವೂ ವಿಷ. ಹೃದಯದ ಬಡಿತವನ್ನೇ ಕೆಡಿಸುವ ವಿಷ. ಒಣಗಿದ ಎಲೆಯಲ್ಲೂ ಅದು ಉಳಿಯುತ್ತದೆ, ಕಡ್ಡಿ ಸುಟ್ಟ ಹೊಗೆಯೂ ಕೆಟ್ಟದ್ದು. ಸವರಿದ ಟೊಂಗೆಗಳನ್ನು ಬೀದಿಗೆ ಒಗೆದರೆ ದನ, ಆಡು ಬಾಯಿ ಹಾಕುತ್ತವೆ. ಹಳದಿ ಹೂವಿನ ಗಂಟೆಯಾಕಾರದ ಕಣಗಿಲು ಬೇರೆ ಜಾತಿಯಾದರೂ ಅದರ ಬೀಜವೂ ಅಷ್ಟೇ ಅಪಾಯ. ಸಣ್ಣ ಅಂಗಳದಲ್ಲಿ ಗಿಡಕ್ಕೂ ಕೂಸಿಗೂ ನಡುವೆ ಅಂತರ ಎಂಬುದು ಇರುವುದಿಲ್ಲ. ಐದು ವರ್ಷದೊಳಗಿನ ಮಕ್ಕಳಿರುವ ಮನೆಗೆ, ದನ ಕಟ್ಟುವ ಮನೆಗೆ ನಾನು ಇದನ್ನು ಹೇಳುವುದಿಲ್ಲ. ಹಿರಿಯರಿಬ್ಬರೇ ಇರುವ, ನೀರಿಗೆ ಪರದಾಡುವ ಮನೆಯಾದರೆ ಕಂಪೌಂಡಿನ ಒಳಬದಿಗೆ ಹಚ್ಚಲಿ, ಕೈತೊಳೆಯುವ ಎಚ್ಚರ ಇದ್ದರೆ ಸಾಕು.

ಬೋರು, ಬಿಸಿಲು, ಕೂಸು ಮೂರೂ ಇರುವ ಮನೆಗೆ? ಅಲ್ಲಿಗೆ ಪ್ಲಂಬಾಗೊ. ದಕ್ಷಿಣ ಆಫ್ರಿಕಾದ ಗಿಡ, ನಮ್ಮ ಔಷಧಿಯ ಚಿತ್ರಮೂಲದ ದಾಯಾದಿ. ಆಕಾಶದ ನೀಲಿ ಬಣ್ಣ ಹೂಗಳಲ್ಲಿ ಬಹಳ ಅಪರೂಪ, ಕಾದ ಗೋಡೆಯ ಮುಂದೆ ಅದನ್ನು ನೋಡಿದರೆ ಕಣ್ಣು ತಂಪಾಗುತ್ತದೆ. ಮೂರು ಫೂಟು, ಸವರಿದರೆ ಎರಡು. ಸ್ವಲ್ಪ ಹರಡುವ ಗುಣವಿದೆ. ಹೂವಿನ ತೊಟ್ಟು ಅಂಟಂಟು, ನನ್ನ ಮೊಮ್ಮಕ್ಕಳು ಕಿವಿಗೆ ಅಂಟಿಸಿಕೊಂಡು ಬೆಂಡೋಲೆ ಎಂದು ಕುಣಿಯುತ್ತಾರೆ. ಬಾಯಿಗೆ ಹಾಕುವ ವಯಸ್ಸಿನ ಕೂಸಿದ್ದರೆ ಇದರ ಮೇಲೂ ಒಂದು ಕಣ್ಣಿರಲಿ. ಕಣಗಿಲಿನಂಥ ಭಯ ಮಾತ್ರ ಇಲ್ಲ. ನಮ್ಮ ನರ್ಸರಿಗಳಲ್ಲಿ ಇದನ್ನು ಕೇಳುವವರು ಕಡಿಮೆ, ಅದು ನನಗೆ ಬೇಸರದ ಸಂಗತಿ.

ಮುಡಿಯುವವರಿಗೆ: ದುಂಡುಮಲ್ಲಿಗೆ, ಅಬ್ಬಲಿಗೆ

ಮಲ್ಲಿಗೆಗೆ ಬಿಸಿಲು ಬೇಕು, ಬೇಸಿಗೆಯೇ ಅದರ ಹಂಗಾಮು. ನಮ್ಮ ಊರಿಗೆ ಅದು ಒದಗಿ ಬರುವ ಗುಣ. ಉಳಿದ ಗಿಡಗಳು ಬಾಡುವ ಎಪ್ರಿಲಿನಲ್ಲಿ ಸಂಜೆ ಏಳಕ್ಕೆ ಮೊಗ್ಗು ಬಿರಿಯುತ್ತವೆ. ಗುಟ್ಟು ಇರುವುದು ಡಿಸೆಂಬರ್ ಕತ್ತರಿಯಲ್ಲಿ. ನವೆಂಬರ್ ಕೊನೆಗೆ ನೀರು ಕಡಿಮೆ ಮಾಡಿ, ಡಿಸೆಂಬರಿನಲ್ಲಿ ಗಿಡವನ್ನು ಒಂದೂವರೆ ಫೂಟಿಗೆ ತರಿದು, ಎಲೆ ಉದುರಿಸಿ, ಬುಡಕ್ಕೆ ತಿಪ್ಪೆಗೊಬ್ಬರ ಕೊಟ್ಟು ಮತ್ತೆ ನೀರು ಶುರುಮಾಡಿದರೆ ಮಾರ್ಚಿಗೆ ಮೊಗ್ಗು. ಈ ಒಂದು ಕೆಲಸ ತಪ್ಪಿಸಿದವರ ಮಲ್ಲಿಗೆ ಬಳ್ಳಿಯಂತೆ ಹರಿದು ಹೂ ಮರೆಯುತ್ತದೆ. ಗಡಸು ನೀರಿನಲ್ಲಿ ಇದೂ ಹಳದಿಯಾಗುತ್ತದೆ, ಆದರೆ ಮರಳಿ ಬರುತ್ತದೆ. ಒಂದು ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್, ನಾಲ್ಕು ಹನಿ ಲಿಂಬೆರಸ ಬೆರೆಸಿ ತಂಪು ಹೊತ್ತಿನಲ್ಲಿ ಎಲೆಗೆ ಸಿಂಪಡಿಸಿದರೆ ಹದಿನೈದು ದಿನದಲ್ಲಿ ಹಸಿರು ಕಾಣುತ್ತದೆ. ಕೊರತೆ ಏನೆಂದರೆ ವರ್ಷದ ಅರ್ಧ ಭಾಗ ಹೂವಿಲ್ಲದ ಗಿಡ ನೋಡಬೇಕು, ನೀರು ಅತಿ ತುಟ್ಟಿಯಾದ ತಿಂಗಳಲ್ಲೇ ಇದಕ್ಕೆ ನೀರು ಬೇಕು.

ಅಬ್ಬಲಿಗೆ, ಅಂದರೆ ತೆಂಕಣದವರ ಕನಕಾಂಬರ, ಸಣ್ಣ ಜಾಗದ ಹೆಣ್ಣುಮಕ್ಕಳಿಗೆ ನಾನು ಮನಸ್ಸಿಟ್ಟು ಹೇಳುವ ಗಿಡ. ಎರಡು ಫೂಟಿನೊಳಗೆ ನಿಲ್ಲುತ್ತದೆ, 8–10 ಇಂಚಿನ ಕುಂಡ ಸಾಕು. ಬೆಳಗಿನ ಬಿಸಿಲು, ಮಧ್ಯಾಹ್ನದ ನೆರಳು ಸಿಕ್ಕರೆ ವರ್ಷವಿಡೀ ಹೂ. ವಾಸನೆ ಇಲ್ಲ, ಆದರೆ ಎರಡು ಮೂರು ದಿನ ಬಾಡುವುದಿಲ್ಲ, ತೂಕವಿಲ್ಲ, ಮಲ್ಲಿಗೆಯ ಜೊತೆ ಕಟ್ಟಿದರೆ ಒಂದಕ್ಕೊಂದು ಮೆರುಗು. ಮೂಡಣ ಮುಖದ ಬಾಗಿಲಿನ ಮನೆಗೆ ಇದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ಒಣಗಿದ ಕಾಯಿಯನ್ನು ನೀರಿಗೆ ಹಾಕಿದರೆ ಚಟಪಟ ಸಿಡಿಯುವುದನ್ನು ಸಣ್ಣವಳಿದ್ದಾಗ ನಾವೆಲ್ಲ ಆಡಿದ್ದೇವೆ. ದೆಹಲಿ ಎಂಬ ಕಿತ್ತಳೆ ಬಣ್ಣದ ತಳಿಯಲ್ಲಿ ಬೀಜ ಕಟ್ಟುವುದಿಲ್ಲ, ಅದನ್ನು ಕಡ್ಡಿಯಿಂದಲೇ ಬೆಳೆಸಬೇಕು. ನೀರು ನಿಂತರೆ ಸೊರಗುತ್ತದೆ, ಬೇರಿನಲ್ಲಿ ಗಂಟು ಮಾಡುವ ಜಂತುಹುಳು ಇದರ ದೊಡ್ಡ ರೋಗ. ಕುಂಡ ತುಂಬುವಾಗಲೇ ಎರಡು ಮುಷ್ಟಿ ಬೇವಿನ ಹಿಂಡಿ ಬೆರೆಸಿ, ಎರಡು ಮೂರು ವರ್ಷಕ್ಕೊಮ್ಮೆ ಹೊಸ ಗಿಡ ಮಾಡಿಕೊಳ್ಳಿ.

ಗುಲಾಬಿ, ನಂದಿಬಟ್ಟಲು, ಮತ್ತೆ ಇಕ್ಸೋರಾ

ಗುಲಾಬಿಯ ಬಗ್ಗೆ ನೇರವಾಗಿ ಹೇಳುತ್ತೇನೆ. ಬೆಳಗಾವಿಯವರಾದರೆ ತನ್ನಿ. ವಿಜಯಪುರ, ಬಾಗಲಕೋಟೆಯವರಾದರೆ ನವೆಂಬರ್‌ನಿಂದ ಫೆಬ್ರವರಿ ತನಕದ ಹೂವಿಗಾಗಿ ಉಳಿದ ಎಂಟು ತಿಂಗಳು ಉಪಚಾರ ಮಾಡುವ ಪ್ರೀತಿ ಇದ್ದರೆ ಮಾತ್ರ ತನ್ನಿ. ಸಣ್ಣ ಹೂವಿನ ಬಟನ್ ಗುಲಾಬಿ ದೊಡ್ಡದಕ್ಕಿಂತ ಸಹನೆಯುಳ್ಳದ್ದು, ಒಂದೂವರೆ ಫೂಟಿನ ಗಿಡ. ಕಸಿ ಗಂಟು ಮಣ್ಣಿನ ಮೇಲಿರಲಿ, ಅದರ ಕೆಳಗಿನಿಂದ ಬರುವ ದಪ್ಪ ಚಿಗುರನ್ನು ಕಂಡಕೂಡಲೇ ಮುರಿಯಿರಿ, ಇಲ್ಲದಿದ್ದರೆ ಕಾಡುಗುಲಾಬಿ ಉಳಿದು ನೀವು ತಂದದ್ದು ಸಾಯುತ್ತದೆ. ಅಕ್ಟೋಬರಿನಲ್ಲಿ ಸವರಿ.

ಬಿಸಿಲು ಹೆಚ್ಚು ಬಾರದ, ಎರಡು ಮನೆಗಳ ನಡುವಿನ ಸಂದಿಯಂಥ ಜಾಗಕ್ಕೆ ಗಿಡ್ಡ ನಂದಿಬಟ್ಟಲು. ಎರಡು ತಾಸು ಬಿಸಿಲು ಬಿದ್ದರೂ ಬಿಳಿ ಹೂ ಕೊಡುತ್ತದೆ, ಪೂಜೆಗೆ ಸಲ್ಲುತ್ತದೆ, ದನ ಮೂಸುವುದಿಲ್ಲ. ಹಾಲು ಒಸರುತ್ತದೆ, ಮಕ್ಕಳ ಕಣ್ಣಿಗೆ ತಾಗದಂತೆ ನೋಡಿಕೊಳ್ಳಿ. ಅಷ್ಟೇ.

ಇಕ್ಸೋರಾ ಬೇಕೇ ಬೇಕೆನ್ನುವವರ ಆಸೆ ನನಗೆ ಅರ್ಥವಾಗುತ್ತದೆ, ನನಗೂ ಅದು ಬಿಟ್ಟುಹೋಗಿಲ್ಲ. ಬೆಳಗಾವಿ, ಖಾನಾಪುರದ ಕೆಂಪು ಮಣ್ಣಿನಲ್ಲಿ ಅದರಷ್ಟು ಕಡಿಮೆ ಕಾಟದ ಗಿಡ ಇನ್ನೊಂದಿಲ್ಲ, ಅಲ್ಲಿಯವರಿಗೆ ನನ್ನ ಮೊದಲ ಸಲಹೆ ಅದೇ. ಬಾದಾಮಿ ಸುತ್ತಿನ ಮರಳುಗಲ್ಲಿನ ಕೆಂಪು ಮಣ್ಣಿನವರು, ನೀರು ಸಿಹಿಯಿದ್ದರೆ, ಒಂದು ಗಿಡ ಹಚ್ಚಿ ನೋಡಬಹುದು. ಎರೆಮಣ್ಣಿನವರು ನೆಲದಲ್ಲಿ ಹಚ್ಚಬೇಡಿ. ಮಸಾರಿ ಮಣ್ಣು, ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಎಲೆಗೊಬ್ಬರ ಸಮಪಾಲು ತುಂಬಿದ ಒಂದೇ ಕುಂಡ, ಅದಕ್ಕೆ ಹಿಡಿದಿಟ್ಟ ಮಳೆನೀರು ಅಥವಾ ಏಸಿಯ ನೀರು. ಎರಡನೆಯ ಸಲ ನಾನು ಹೀಗೆ ಬೆಳೆಸಿದ ಗಿಡ ನಾಲ್ಕು ವರ್ಷದಿಂದ ಬದುಕಿದೆ. ಬೆಳಗಾವಿಯಷ್ಟು ಕೆಂಪಾಗಿಲ್ಲ, ಆದರೂ ಶ್ರಾವಣದಲ್ಲಿ ಏಳೆಂಟು ಗೊಂಚಲು ಕೊಡುತ್ತದೆ.

ಹಚ್ಚುವಾಗ

ಎರೆಮಣ್ಣನ್ನು ಹಾಗೇ ಕುಂಡಕ್ಕೆ ತುಂಬಬೇಡಿ. ಒಣಗಿದಾಗ ಅದು ಕುಗ್ಗಿ ಕುಂಡದ ಅಂಚು ಬಿಡುತ್ತದೆ, ಹಾಕಿದ ನೀರೆಲ್ಲ ಆ ಬಿರುಕಿನಿಂದ ಕೆಳಗಿಳಿದು ಹೋಗುತ್ತದೆ, ಬೇರು ಒಣಗಿಯೇ ಉಳಿಯುತ್ತದೆ. ಎರಡು ಪಾಲು ಮಸಾರಿ ಮಣ್ಣು, ಒಂದು ಪಾಲು ಹಳೆಯ ತಿಪ್ಪೆಗೊಬ್ಬರ, ಒಂದು ಪಾಲು ಉಸುಕು ಬೆರೆಸಿ. ನೆಲದಲ್ಲೇ ಹಚ್ಚುವವರು ಎರೆಮಣ್ಣಿನಲ್ಲಿ ಗುಂಡಿ ತೋಡಿ ಕೆಂಪು ಮಣ್ಣು ತುಂಬುತ್ತಾರೆ. ಸೆಪ್ಟೆಂಬರ್ ಮಳೆಗೆ ಆ ಗುಂಡಿ ಹೊಂಡದಂತೆ ನೀರು ಹಿಡಿದು ಬೇರು ಕೊಳೆಸುತ್ತದೆ. ಅದರ ಬದಲು ನೆಲದ ಮೇಲೆ ಒಂದು ಫೂಟು ಎತ್ತರಕ್ಕೆ ಇಟ್ಟಿಗೆ ಕಟ್ಟಿ, ತಳಕ್ಕೆ ಗರಸು ಹಾಕಿ, ಮೇಲೆ ಈ ಮಿಶ್ರಣ ತುಂಬಿ. ಮಾಳಿಗೆಯ ಮೇಲೆ ಕಪ್ಪು ಪ್ಲಾಸ್ಟಿಕ್ ಕುಂಡ ಬೇಡ, ಬೇರು ಬೇಯುತ್ತದೆ. ಮಣ್ಣಿನ ಕುಂಡ ಬೇಗ ಒಣಗಿದರೂ ತಂಪು. ಯಾವ ಕುಂಡವಾದರೂ ಎರಡು ಇಟ್ಟಿಗೆಯ ಮೇಲಿಡಿ, ಕಾದ ಸ್ಲ್ಯಾಬಿಗೆ ತಳ ತಾಗಬಾರದು. ಬೋರಿನ ನೀರಿನವರು ತಿಂಗಳಿಗೊಮ್ಮೆ ತಳದ ತೂತಿನಿಂದ ಧಾರೆಯಾಗಿ ಹರಿಯುವಷ್ಟು ಸಿಹಿನೀರು ಹಾಕಿದರೆ ಕೂತ ಉಪ್ಪು ತೊಳೆದುಹೋಗುತ್ತದೆ.

ಹೊತ್ತು ಕೂಡ ಊರಿಗೊಂದು. ವಿಜಯಪುರ, ಬಾಗಲಕೋಟೆಯಲ್ಲಿ ಮೃಗಶಿರಾ ಮಳೆ ಬಿದ್ದ ಮೇಲಿಂದ ಸೆಪ್ಟೆಂಬರ್ ತನಕ ಹಚ್ಚಿ. ಬೆಳಗಾವಿಯಲ್ಲಿ ಜುಲೈ ಜಡಿಮಳೆಗೆ ಹೊಸ ಬೇರು ಕೊಳೆಯುವುದರಿಂದ ಮಳೆ ಇಳಿಯುವ ಸೆಪ್ಟೆಂಬರೇ ಮೇಲು. ಮಾರ್ಚಿನಲ್ಲಿ ನರ್ಸರಿಗಳು ಹೂ ತುಂಬಿ ಕರೆಯುತ್ತವೆ, ಆಗ ಮಾತ್ರ ಕೊಳ್ಳಬೇಡಿ. ಹೂವಿರುವ ಗಿಡಕ್ಕಿಂತ ಬುಡದಿಂದ ಮೂರು ನಾಲ್ಕು ಟೊಂಗೆ ಒಡೆದ, ಚಿಗುರೆಲೆ ಹಸಿರಾಗಿರುವ, ಚೀಲದ ತಳದಿಂದ ಬೇರು ಸುತ್ತಿ ಹೊರಬಂದಿರದ ಗಿಡ ಆರಿಸಿ.

ನವನಗರದ ನನ್ನ ತಂಗಿಯ ಮಗಳಿಗೆ ಕೊನೆಗೆ ಏನು ಹೇಳಿದೆ? ಅವಳದು ಮೂಡಣ ಬಾಗಿಲು, ನಳ ಮೂರು ದಿನಕ್ಕೊಮ್ಮೆ, ಒಂದೂವರೆ ವರ್ಷದ ಕೂಸು, ತಿಂಗಳಿಗೆ ಗಿಡಕ್ಕೆಂದು ನೂರೈವತ್ತಕ್ಕಿಂತ ಹೆಚ್ಚು ತೆಗೆದಿಡಲಾಗದು. ಕಣಗಿಲು ಅಲ್ಲೇ ಬಿಟ್ಟುಹೋಯಿತು. ಬಾಗಿಲ ಬದಿಗೆ ನಾಲ್ಕು ಅಬ್ಬಲಿಗೆ, ಬಿಸಿಲು ಹೆಚ್ಚಿರುವ ತುದಿಗೆ ನಮ್ಮ ಮನೆಯ ಟೊಂಗೆಯಿಂದ ಬೆಳೆಸಿದ ಒಂದು ಕೆಂಪು ದಾಸವಾಳ, ಕೂಸಿನ ಕೈಗೆಟುಕದ ಗೋಡೆಯ ಬುಡಕ್ಕೆ ಒಂದು ಪ್ಲಂಬಾಗೊ. ಮಲ್ಲಿಗೆಯನ್ನು ಬರುವ ವರ್ಷ ನೋಡೋಣ ಅಂದಿದ್ದೇನೆ. "ಮತ್ತ ಆ ಗೊಂಚಲ ಹೂವಿಂದು?" ಅಂದಳು. ಮೊದಲು ಮಳೆನೀರಿಗೆ ಒಂದು ಡ್ರಮ್ ಇಡು ಅಂದೆ. ದಾಸವಾಳದ ಟೊಂಗೆಗೆ ನಮ್ಮ ಹಿತ್ತಲಲ್ಲಿ ಬೇರು ಬಿಟ್ಟಿದೆ, ಮೃಗಶಿರಾ ಕೂಡಿದ ವಾರ ಬಸ್ಸಿನಲ್ಲಿ ನಾನೇ ಒಯ್ದು ಕೊಡುವವಳಿದ್ದೇನೆ.